ಖಡಿ ರಾಶಿಯ ಮೇಲಿನ ಹೆಸರು

ತಾಪತ್ರಯಕ್ಕೆಲ್ಲ ಮೂಲ ಒಂದು ರಟ್ಟಿನ ತುಂಡು. ಮಂಗಳವಾರ ಮುಂಜಾನೆ ಹಾಲು ತರಲು ಹೊರಟ ಅಮೃತಪ್ಪ, ಓಣಿಯ ತುದಿಯಲ್ಲಿ ಹೊಸ ವಾಚನಾಲಯ ಕಟ್ಟುತ್ತಿದ್ದ ಜಾಗದ ಮುಂದೆ ಅದನ್ನು ಕಂಡ. ಒದ್ದೆ ಖಡಿಯ, ಎಂದರೆ ಜಲ್ಲಿಕಲ್ಲಿನ, ರಾಶಿಯ ನೆತ್ತಿಗೆ ಒಂದು ಕೋಲು ನೆಟ್ಟು, ಕೋಲಿಗೆ ರಟ್ಟು ಕಟ್ಟಿ, ರಟ್ಟಿನ ಮೇಲೆ ಗೇಣುದ್ದದ ಕೆಂಪು ಅಕ್ಷರಗಳಲ್ಲಿ ‘ಲಕ್ಷ್ಮಿಕಾಂತ’ ಎಂದು, ಅದರ ಕೆಳಗೆ ಸಣ್ಣದಾಗಿ ಇನ್ನೇನೋ ಬರೆದಿದ್ದರು. ಅಮೃತಪ್ಪ ಹೆಸರನ್ನು ಮೂರು ಸಲ ಓದಿ, ಬರಿಯ ತಂಬಿಗೆ ಹಿಡಿದು ಮನೆಗೆ ಮರಳಿದ.

“ಹಾಲೆಲ್ಲಿ?” ಎಂದಳು ಹೆಂಡತಿ ಜಗದೇವಿ.

“ಅಲ್ಲಿ ಲಕ್ಷ್ಮಿಕಾಂತನ ಹೆಸರ ಬರದಾರ.”

“ಹಾಲಿನ ಮ್ಯಾಲ?”

“ವಾಚನಾಲಯದ ಖಡಿ ಮ್ಯಾಲ.”

“ಬರೀಲಿ ಬಿಡ್ರಿ. ಹೋದ ವಾರ ಅವರ ಮನೀ ಹಳಿ ಖೋಲಿ ಕೆಡವಿದ್ರಲ್ಲ, ಆ ಕಾಂಕ್ರೀಟ್ ಎರಡು ಟ್ರಾಲಿ ಅಲ್ಲಿಗೇ ಕೊಟ್ಟಾರ. ಇದ್ದವರು ಕೊಡ್ತಾರ.” ಹೀಗೆಂದವಳೇ ಜಗದೇವಿ ಚೀಲ ಹೆಗಲಿಗೇರಿಸಿ ಅಂಗನವಾಡಿಗೆ ಹೊರಟಳು. ಅಲ್ಲಿ ಅವಳು ಕಾರ್ಯಕರ್ತೆ; ಮರಳುವುದು ಸಂಜೆ ನಾಲ್ಕರ ಮೇಲೆ. ಅವಳೇನೋ ಹೋದಳು, ಆ ಕೊನೆಯ ಮಾತು ಮಾತ್ರ ಮನೆಯಲ್ಲೇ ಉಳಿದು ಅಮೃತಪ್ಪನನ್ನು ತಿವಿಯತೊಡಗಿತು.

ಅಮೃತಪ್ಪ ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಮಂಗಳವಾರ ಅವನ ವಾರದ ರಜೆ. ದಿನವಿಡೀ ಬೇರೆಯವರ ಹೆಸರುಗಳನ್ನು ಪೆಟ್ಟಿಗೆಗಳ ಮೇಲೆ ಬರೆಯುವುದು ಅವನ ಕೆಲಸವಾದ್ದರಿಂದಲೋ ಏನೋ, ತನ್ನ ಹೆಸರು ಊರಿನಲ್ಲಿ ಎಲ್ಲಿಯೂ ಇಲ್ಲವೆಂಬುದು ಅವನನ್ನು ಬಹಳ ವರ್ಷದಿಂದ ಕೊರೆಯುತ್ತಿತ್ತು. ಈ ಕಡೆಯ ರೂಢಿ ನಿಮಗೆ ಗೊತ್ತಿರಬೇಕು. ಯಾರು ಏನು ಕೊಟ್ಟರೂ ಅದರ ಮೇಲೆ ಅವರ ಹೆಸರು ಬರೆಯುತ್ತಾರೆ. ಕುಳಿತುಕೊಳ್ಳುವ ಬೆಂಚಿನ ಮೇಲೆ, ಕುಡಿಯುವ ನೀರಿನ ಟಾಕಿಯ ಮೇಲೆ, ಕೊನೆಗೆ ಹೆಣ ಹೊರುವ ಚಟ್ಟದ ಮೇಲೂ ಒಬ್ಬ ದಾನಿಯ ಹೆಸರಿರುತ್ತದೆ.

ಎರಡು ವರ್ಷದ ಹಿಂದೆ ಅಮೃತಪ್ಪ ಮತ್ತು ಪಕ್ಕದ ಮನೆಯ ಲಕ್ಷ್ಮಿಕಾಂತ ಒಂದೇ ದಿನ ಮಾರುತಿ ಗುಡಿಗೆ ಒಂದೊಂದು ಫ್ಯಾನು ಕೊಟ್ಟಿದ್ದರು. ಎರಡರ ರೆಕ್ಕೆಗಳ ಮೇಲೂ ಹೆಸರು ಬರೆಯಿಸಿದ್ದಾಯಿತು. ಅಮೃತಪ್ಪ ಒಳ್ಳೆಯ ಕಂಪನಿಯ ಫ್ಯಾನು ಆರಿಸಿ ತಂದಿದ್ದ. ಅದು ಅಂದಿನಿಂದ ಇಂದಿನವರೆಗೆ ಒಂದು ದಿನವೂ ಕೆಡದೆ ಗಿರಗಿರ ತಿರುಗುತ್ತಿದೆ, ಹಾಗಾಗಿ ಅದರ ಮೇಲಿನ ಹೆಸರನ್ನು ಇದುವರೆಗೆ ಒಬ್ಬನೂ ಓದಿಲ್ಲ. ಲಕ್ಷ್ಮಿಕಾಂತನ ಫ್ಯಾನು ತಿಂಗಳೊಳಗೆ ಸುಟ್ಟು ನಿಂತುಬಿಟ್ಟಿತು. ಗುಡಿಗೆ ಬಂದವರೆಲ್ಲ ಕೈಮುಗಿದು ತಲೆ ಎತ್ತಿದರೆ ಕಾಣುವುದು ಲಕ್ಷ್ಮಿಕಾಂತ. ಆ ಗಾಯವೇ ಇನ್ನೂ ಹಸಿಯಾಗಿರುವಾಗ ಈಗ ವಾಚನಾಲಯದ ಗೋಡೆಯೂ ಅವನ ಪಾಲಾಗಲಿತ್ತು.

ಅಮೃತಪ್ಪನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ನೇರ ವಾಚನಾಲಯದ ಜಾಗಕ್ಕೆ ಬಂದ.

ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವಳು ಲುಂಬಿನಿ. ಚಿತ್ತಾಪುರದ ಹೆಣ್ಣುಮಗಳು, ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಕೆಡವಿದ ಮನೆಗಳ ಕಾಂಕ್ರೀಟನ್ನು ಮತ್ತೆ ಖಡಿ ಮಾಡಿ, ಹೊಸ ಕಾಂಕ್ರೀಟಿನಲ್ಲಿ ಬಳಸುವುದು ಅವಳ ಸಂಶೋಧನೆ. ವಾಚನಾಲಯದ ಒಂದು ಗೋಡೆಯನ್ನು ಹಾಗೆ ಹೊಯ್ದು ತೋರಿಸಲು ಅವಳಿಗೆ ಅನುಮತಿ ಸಿಕ್ಕಿತ್ತು. ಮಧ್ಯಾಹ್ನ ಮೂರಕ್ಕೆ ಕೆಲಸ ಶುರುವಾಗುವುದಿತ್ತು.

“ಮೇಡಂ, ಲಕ್ಷ್ಮಿಕಾಂತನ ಹೆಸರ ಹಾಕೀರಲ್ಲ?” ಎಂದ ಅಮೃತಪ್ಪ, ಸುಮ್ಮನೆ ಕೇಳಿದವನಂತೆ.

“ಹಾಕ್ಲೇಬೇಕಲ್ರಿ ಕಾಕಾ. ಹೆಸರಿಲ್ಲದ ರಾಶಿ ನಾವು ಮುಟ್ಟಂಗಿಲ್ಲ.”

“ಬ್ಯಾರೆಯವರು ತಂದ್ರ?”

“ಅವರದೂ ಹಾಕ್ತೀವಿ. ಯಾರ ಮನಿ, ಮನಿಯ ಯಾವ ಭಾಗ, ಕಟ್ಟಿದ ವರ್ಷ, ಎಲ್ಲಾ ಬರೀತೀವಿ.”

ವರ್ಷವನ್ನೂ ಬರೆಯುತ್ತಾರೆ ಎಂದು ಕೇಳಿ ಅಮೃತಪ್ಪನ ಎದೆ ಹಿಗ್ಗಿತು. ಫ್ಯಾನಿನ ಮೇಲೆ ಬರಿಯ ಹೆಸರಿತ್ತು. ಅವನು ಮನೆಗೆ ಓಡಿ, ಹಿತ್ತಲಲ್ಲಿ ಬಿದ್ದಿದ್ದ ಒಡಕು ಫರ್ಸಿ ಹಾಸುಗಲ್ಲುಗಳನ್ನೆಲ್ಲ ತಳ್ಳುಗಾಡಿಗೆ ತುಂಬಿ, ಬೆವರು ಸುರಿಸುತ್ತ ತಳ್ಳಿಕೊಂಡು ಬಂದ. ಲುಂಬಿನಿ ಒಂದು ಚೂರು ಎತ್ತಿ ನೋಡಿ ಮರಳಿ ಇಟ್ಟಳು.

“ಕಾಕಾ, ಇದು ಫರ್ಸಿ ಕಲ್ಲು. ನಂಗ ಬೇಕಾದದ್ದು ಒಡದ ಕಾಂಕ್ರೀಟು.” ಅವಳು ಲಕ್ಷ್ಮಿಕಾಂತನ ರಾಶಿಯಿಂದ ಒಂದು ತುಣುಕು ತೆಗೆದು ಅವನ ಅಂಗೈಯಲ್ಲಿಟ್ಟಳು. “ನೋಡ್ರಿ, ಖಡಿಗೆ ಹಳಿ ಸಿಮೆಂಟ್ ಹೆಂಗ ಅಂಟಿಕೊಂಡದ. ಇದು ಭಾಳ ನೀರು ಕುಡೀತದ. ಅದಕ್ಕ ನಿನ್ನಿಯಿಂದ ನೆನೆಸಿಟ್ಟೀನಿ. ಇಲ್ಲಂದ್ರ ಕಲಸುವಾಗ ಹಾಕಿದ ನೀರೆಲ್ಲಾ ಇದೇ ಕುಡದು, ಕಾಂಕ್ರೀಟು ಹರಿಯಂಗಿಲ್ಲ.”

“ಕಾಂಕ್ರೀಟ್ ಯಾಕ ಹರೀಬೇಕ್ರಿ?”

“ಇದು ತಾನಾಗೇ ಹರದು, ಕಬ್ಬಿಣದ ಸಲಾಕಿ ಸಂದ್ಯಾಗ ಹೊಕ್ಕು, ಮೂಲಿ ಮೂಲಿಗೆ ಹೋಗಿ ಕುಂದ್ರೋ ಕಾಂಕ್ರೀಟು. ಕುಟ್ಟೋದು ಬ್ಯಾಡ, ವೈಬ್ರೇಟರೂ ಬ್ಯಾಡ.”

ಅಮೃತಪ್ಪ ಅದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತಿದ್ದ. ಅವನ ಕಣ್ಣು ರಟ್ಟಿನ ಮೇಲೆಯೇ ಇತ್ತು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಭಗವಂತ ಬಾಯಿ ಹಾಕಿದ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದ ಮೇಲೆ ಓಣಿಯ ಎಲ್ಲ ಕೆಲಸಗಳ ಮೇಲ್ವಿಚಾರಣೆಯನ್ನು ಅವನು ತಾನಾಗಿಯೇ ವಹಿಸಿಕೊಂಡಿದ್ದ.

“ಲಕ್ಷ್ಮಿಕಾಂತ ಊರಾಗಿಲ್ಲ. ಮುಂಜಾನಿ ಗಾಡಿಗೆ ಶಹಾಬಾದಿಗೆ ಹ್ವಾದ. ಮಧ್ಯಾಹ್ನದ ಮ್ಯಾಲ ಬರ್ತಾನ.”

“ಶಹಾಬಾದಿಗೆ ಯಾಕ?”

“ಏನೋ ಕೆಲಸದ ಮಂದೀನ್ನ ಕರಕೊಂಡು ಬರೋದದ ಅಂದ.”

ಅಮೃತಪ್ಪನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು. ಶಹಾಬಾದಿಗೆ ಮನುಷ್ಯ ಯಾತಕ್ಕೆ ಹೋಗುತ್ತಾನೆ? ಕಲ್ಲಿಗೆ. ಕೆಲಸದ ಮಂದಿ ಎಂದರೆ ಕಲ್ಲಿನ ಮೇಲೆ ಅಕ್ಷರ ಕೊರೆಯುವವರು. ರಟ್ಟಿನ ಮೇಲಿನ ಹೆಸರನ್ನು ಸಂಜೆಯೊಳಗೆ ಕಲ್ಲಿನ ಮೇಲೆ ಕೊರೆಸಿ ಗೋಡೆಗೆ ಕೂಡಿಸುವುದು ಲಕ್ಷ್ಮಿಕಾಂತನ ಹಂಚಿಕೆ. ಅಮೃತಪ್ಪನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಹೊಟ್ಟೆ ಉರಿಯುವಾಗ ಮನುಷ್ಯನಿಗೆ ಬೆಳಕಿಗೇನೂ ಕೊರತೆ ಇರುವುದಿಲ್ಲ.

ಮನೆಗೆ ಬಂದು ಕಾಂಕ್ರೀಟು ಹುಡುಕಿದ. ಗೋಡೆ ಕಲ್ಲಿನದು. ಮಾಳಿಗೆಗೆ ಹಾಸಿದ್ದು ಫರ್ಸಿ. ನೆಲ ಫರ್ಸಿ, ಅಡುಗೆಮನೆಯ ಕಟ್ಟೆ ಫರ್ಸಿ, ಬಾಗಿಲ ಮುಂದಿನ ಮೆಟ್ಟಿಲೂ ಫರ್ಸಿ. ಸಿಮೆಂಟಿನ ಧೂಳು ಕುಡಿದೇ ಬೆಳೆದ ಊರಿನಲ್ಲಿ ತನ್ನ ಮನೆಯಲ್ಲಿ ಒಂದು ಬುಟ್ಟಿ ಕಾಂಕ್ರೀಟಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಹಿತ್ತಲಿಗೆ ಬಂದು ಕುಳಿತು ಮುಖ ಒರೆಸಿಕೊಳ್ಳುವಾಗ ಬಚ್ಚಲು ಕಣ್ಣಿಗೆ ಬಿತ್ತು. ಐದು ವರ್ಷದ ಹಿಂದೆ ಕಟ್ಟಿಸಿದ್ದು. ನಾಲ್ಕು ಕಂಬ, ಮೇಲೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ನಾಲ್ಕು ಫೂಟು ಎತ್ತರದ ಕಟ್ಟೆ, ಕಟ್ಟೆಯ ಮೇಲೆ ನೀರಿನ ಟಾಕಿ. ಎಲ್ಲವೂ ಅಪ್ಪಟ ಕಾಂಕ್ರೀಟು.

ಹನ್ನೊಂದು ಗಂಟೆಗೆ, ಅಮೃತಪ್ಪ ಬಾಡಿಗೆಗೆ ಕರೆದ ಖಾಜಾ ತನ್ನ ಟ್ರ್ಯಾಕ್ಟರು, ಕಾಂಕ್ರೀಟು ಒಡೆಯುವ ಬ್ರೇಕರ್ ಎರಡನ್ನೂ ತಂದು ಹಿತ್ತಲಲ್ಲಿ ನಿಲ್ಲಿಸಿದ. ಬಚ್ಚಲನ್ನು ಒಂದು ಸುತ್ತು ಹಾಕಿ ನೋಡಿದ.

“ಅಮೃತಣ್ಣ, ಏನು ಖರಾಬಾಗ್ಯದ ಇದು? ಛಲೋ ಅದಲ್ಲ.”

“ಒಡಿ ಅಂದ್ರ ಒಡಿ.”

“ಮ್ಯಾಲಿನ ಛತ್ತಷ್ಟೇ ಒಡದ್ರ ಅರ್ಧ ಟ್ರಾಲಿನೂ ಆಗಂಗಿಲ್ಲ.”

“ಕಂಬಾನೂ ಒಡಿ, ಟಾಕಿ ಕಟ್ಟೀನೂ ಒಡಿ. ಲಕ್ಷ್ಮಿಕಾಂತಂದು ಎರಡು ಟ್ರಾಲಿ ಆಗ್ಯದ.”

ಖಾಜಾ ಸ್ಲ್ಯಾಬಿನ ಮೇಲೆ ಹತ್ತಿದ. ಹಗ್ಗ ಕಟ್ಟಿ ಟಾಕಿಯನ್ನು ಇಳಿಸತೊಡಗಿದರು. ಅದರಲ್ಲಿ ಅರ್ಧ ನೀರಿರುವುದನ್ನು ಇಬ್ಬರೂ ಮರೆತಿದ್ದರು. ನೆಲ ಮುಟ್ಟುವ ಮೊದಲೇ ಹಗ್ಗ ಜಾರಿ, ಟಾಕಿ ಅಡ್ಡಬಿದ್ದು, ನೀರು ಚೆಲ್ಲುತ್ತ ಇಳಿಜಾರಿನಲ್ಲಿ ಉರುಳಿ ಹಿಂದಿನ ಓಣಿಗೆ ಇಳಿಯಿತು. ಅಲ್ಲಿ ಭಗವಂತನ ಮನೆಯ ಮುಂದೆ ಜೋಳ ಒಣಹಾಕಿದ್ದರು. ಟಾಕಿ ಆ ಜೋಳದ ಮೇಲೆ ಹೋಗಿ ನಿಂತಿತು. ಜಗಳ ಮಾಡಲು ಬಂದ ಭಗವಂತ, ಬಚ್ಚಲು ಒಡೆಯುವುದನ್ನು ಕಂಡು ಜೋಳವನ್ನು ಮರೆತು, ಸಲಹೆ ಕೊಡಲು ನಿಂತ.

ಬ್ರೇಕರ್ ಸದ್ದು ಶುರುವಾಯಿತು. ಸ್ಲ್ಯಾಬಿನ ಒಂದು ಮೂಲೆ ಕಿತ್ತು ಬಿದ್ದಾಗ, ಒಳಗಿಂದ ಬಾಗಿಲು ಧಡ್ಡನೆ ತೆರೆಯಿತು. ಮೈಗೆ ಒದ್ದೆ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸಾಬೂನಿನ ನೊರೆ ಹೊತ್ತು ಹೊರಬಂದವಳು ಅಮೃತಪ್ಪನ ಅತ್ತೆ ಗುರುಲಿಂಗಮ್ಮ. ನಾಲ್ಕು ದಿನದ ಹಿಂದೆ ಆಡಕಿಯಿಂದ ಮಗಳ ಮನೆಗೆ ಬಂದಿದ್ದಳು. ನಳ ನಿಂತುಹೋಯಿತೆಂದು ಅವಳು ಆಗಿನಿಂದ ಕೂಗುತ್ತಲೇ ಇದ್ದಳಂತೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ.

ಗುರುಲಿಂಗಮ್ಮ ಮೇಲೆ ನೋಡಿದಳು, ಅಳಿಯನನ್ನು ನೋಡಿದಳು. ಅವಳ ದನಿ ತಣ್ಣಗಿತ್ತು.

“ಅಳಿಯಂದ್ರೇ, ನಾ ಬಂದದ್ದು ಭಾರ ಆಗಿದ್ರ ಬಾಯಿಲೆ ಹೇಳಬೇಕಿತ್ತು. ಮನಿ ಯಾಕ ಕೆಡವ್ತೀರಿ?”

“ಹಂಗಲ್ರಿ ಅತ್ತಿ, ವಾಚನಾಲಯಕ್ಕ...”

“ವಾಚನಾಲಯದಾಗ ಜಳಕ ಮಾಡಬೇಕೇನು ನಾನು?”

ಭಗವಂತ ತನ್ನ ಮನೆಯಿಂದ ಒಂದು ಕೊಡ ನೀರು ತರಿಸಿದ. ಗುರುಲಿಂಗಮ್ಮ ಅದನ್ನು ಮುಟ್ಟಲಿಲ್ಲ. “ಜಗದೇವಿ ಬರೋತನ ಈ ಸಾಬಾನ ತೊಳಿಯಂಗಿಲ್ಲ. ಅಕಿ ನೋಡಲಿ,” ಎಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಳು. ಬಿಸಿಲಿಗೆ ನೊರೆ ಒಣಗಿ ತಲೆಯ ಮೇಲೆ ಬೆಳ್ಳಗೆ ಗಟ್ಟಿಯಾಗತೊಡಗಿತು.

ಒಂದೂವರೆಗೆ ಬಚ್ಚಲು ಟ್ರಾಲಿ ಏರಿತು. ಎಷ್ಟು ಕೆರೆದರೂ ಒಂದೂವರೆ ಟ್ರಾಲಿಯೇ ಆಯಿತು. ಅರ್ಧ ಟ್ರಾಲಿಯಿಂದ ಸೋತೆನಲ್ಲ ಎಂಬ ಕೊರಗಿನಲ್ಲಿಯೇ ಅಮೃತಪ್ಪ ವಾಚನಾಲಯದ ಮುಂದೆ ಅದನ್ನು ಸುರಿಸಿದ. ಲುಂಬಿನಿ ತುಂಡುಗಳನ್ನು ತಿರುಗಿಸಿ ನೋಡಿ ಸಂತೋಷಪಟ್ಟಳು.

“ಛಲೋ ಅದ ಕಾಕಾ. ಯಾವ ಭಾಗದ್ದು ಇದು?”

“ಮನೀದು.”

“ಮನಿಯೊಳಗ ಎಲ್ಲೀದು?”

ಅಮೃತಪ್ಪ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ. ಲುಂಬಿನಿ ಹೊಸ ರಟ್ಟಿನ ಮೇಲೆ ಕೆಂಪು ಬಣ್ಣದಿಂದ ಬರೆದಳು: ‘ಅಮೃತಪ್ಪ. ಬಚ್ಚಲು. ಐದು ವರ್ಷ.’

“ಮೇಡಂ, ಆ ನಡುವಿನದು ತಗದ್ರ ಆಗಂಗಿಲ್ಲೇನು?”

“ಅದೇ ಮುಖ್ಯ ಕಾಕಾ. ಸಾಬಾನಿನ ನೀರು ಕುಡದ ಕಾಂಕ್ರೀಟು ಬ್ಯಾರೆ, ಖೋಲಿ ಛತ್ತಿಂದು ಬ್ಯಾರೆ.”

ಅಷ್ಟು ಹೊತ್ತಿಗೆ ಓಣಿಯ ಮಂದಿಯೆಲ್ಲ ಸೇರಿದ್ದರು. ಭಗವಂತ ಕನ್ನಡಕ ಏರಿಸಿಕೊಂಡು ರಟ್ಟನ್ನು ಎಲ್ಲರಿಗೂ ಕೇಳುವಂತೆ ಓದಿದ. ‘ಅಮೃತಪ್ಪ ಬಚ್ಚಲು’ ಎಂದು ಎಳೆದು ಓದಿ, ಸ್ವಲ್ಪ ತಡೆದು ‘ಐದು ವರ್ಷ’ ಎಂದ. ನಾಲ್ಕು ಮಂದಿ ನಕ್ಕರು. ಅಮೃತಪ್ಪ ಆ ನಗುವನ್ನು ಸಹಿಸಿಕೊಂಡ. ನಗಲಿ, ಅಕ್ಷರ ಮಾತ್ರ ಲಕ್ಷ್ಮಿಕಾಂತನ ಅಕ್ಷರಕ್ಕಿಂತ ಅರ್ಧ ಬೆರಳು ದೊಡ್ಡದಿದೆ ಎಂದು ಅವನು ಆಗಲೇ ಗೇಣು ಹಾಕಿ ನೋಡಿಕೊಂಡಿದ್ದ.

ಮೂರಕ್ಕೆ ಮಿಕ್ಸರ್ ತಿರುಗಿತು. ಆದರೆ ಅದರೊಳಗೆ ಬಿದ್ದದ್ದು ಹೊಸ ಖಡಿ, ಅದರ ಜೊತೆ ಲಕ್ಷ್ಮಿಕಾಂತನ ಹಳೆಯ ಖಡಿ.

“ಮೇಡಂ, ನಂದು?”

“ನಿಮ್ಮದು ಇನ್ನ ಮಷೀನಿಗೆ ಹಾಕಿ ಒಡೀಬೇಕು, ಸೋಸಬೇಕು, ತೊಳೀಬೇಕು, ನೆನಸಬೇಕು. ಕಲಬುರಗಿಗೆ ಒಯ್ದು ಪರೀಕ್ಷಾ ಮಾಡ್ತೀನಿ. ಪಾಸಾದ್ರ ಮುಂದ ಎಲ್ಲೆರ ಹಾಕೂಣ.”

ಪಾಸಾದರೆ. ಅಮೃತಪ್ಪ ಈ ಮಾತು ಕೊನೆಯದಾಗಿ ಕೇಳಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಆದರೂ ಹೆಸರಂತೂ ಏರಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

ಲುಂಬಿನಿ ಅಗಲವಾದ ತಗಡಿನ ಮೇಲೆ ತಳವಿಲ್ಲದ ಬಕೀಟಿನಂಥದೊಂದನ್ನು ಇಟ್ಟು, ಅದರ ತುಂಬ ಕಾಂಕ್ರೀಟು ತುಂಬಿ, ಮೆಲ್ಲಗೆ ಮೇಲೆತ್ತಿದಳು. ಕಾಂಕ್ರೀಟು ತಾಟಿಗೆ ಸುರಿದ ಅಂಬಲಿಯಂತೆ ಸುತ್ತ ಹರಡಿ, ದುಂಡಗೆ ನಿಂತಿತು. ಅವಳು ಟೇಪು ಹಿಡಿದು ಅಳೆದು, “ಅರವತ್ತೆಂಟು ಸೆಂಟಿಮೀಟರ್. ಬರೋಬ್ಬರಿ ಅದ, ಹೊಯ್ರಿ,” ಎಂದಳು. ಹಲಗೆಗಳ ನಡುವೆ ಒಂದೇ ಕಡೆಯಿಂದ ಸುರಿದರೆ ಅದು ಯಾರೂ ದೂಡದೆ, ಕುಟ್ಟದೆ, ಇನ್ನೊಂದು ತುದಿಯವರೆಗೆ ಹೋಗಿ ಸಮವಾಗಿ ಕುಳಿತುಕೊಂಡಿತು. ಜನ ಬೆರಗಾಗಿ ನೋಡಿದರು. ಅಮೃತಪ್ಪನಿಗೆ ಆ ಕಾಂಕ್ರೀಟಿನ ಮೇಲೂ ಹೊಟ್ಟೆಕಿಚ್ಚಾಯಿತು. ನಲವತ್ತೆಂಟು ವರ್ಷದಿಂದ ಅವನು ನೂಕಿ ನುಗ್ಗಿ ಕಾಣದ ಜಾಗವನ್ನು ಲಕ್ಷ್ಮಿಕಾಂತನ ಖೋಲಿಯ ಚೂರುಗಳು ಹತ್ತು ನಿಮಿಷದಲ್ಲಿ ಹರಿದು ಹೋಗಿ ಹಿಡಿದುಬಿಟ್ಟಿದ್ದವು.

ಕೆಲಸ ಮುಗಿಯಿತು. ಲುಂಬಿನಿ ಖಾಲಿಯಾದ ಜಾಗದಲ್ಲಿ ನಿಂತಿದ್ದ ಲಕ್ಷ್ಮಿಕಾಂತನ ರಟ್ಟನ್ನು ಕೋಲಿನಿಂದ ಕಿತ್ತಳು. ಅಮೃತಪ್ಪ ಉಸಿರು ಹಿಡಿದು ನೋಡಿದ. ಅವಳು ಅದರಿಂದ ತನ್ನ ಬೂಟಿಗೆ ಹತ್ತಿದ ಕಾಂಕ್ರೀಟನ್ನು ಕೆರೆದು, ರಟ್ಟನ್ನು ಕಸದ ಗುಂಡಿಗೆ ಎಸೆದಳು.

“ಮೇಡಂ, ಹೆಸರು?”

“ಖಡಿ ಮುಗೀತಲ್ರಿ ಕಾಕಾ. ಇನ್ನ ಹೆಸರು ಯಾಕ?”

“ಗ್ವಾಡಿ ಮ್ಯಾಲ ಹಾಕಂಗಿಲ್ಲೇನು? ಕಲ್ಲಿನ ಮ್ಯಾಲ?”

ಲುಂಬಿನಿಗೆ ಆಶ್ಚರ್ಯವಾಯಿತು. “ಇಲ್ರಿ. ಯಾವ ರಾಶಿ ಎಲ್ಲಿಂದ ಬಂತು ಅಂತ ನಮಗ ಗೊತ್ತಿರಬೇಕಲ್ಲ, ಅದಕ್ಕ ಬರದಿಟ್ಟಿದ್ದು. ಒಂದರಾಗ ಒಂದು ಬೆರೀಬಾರದು ಅಂತ. ಗ್ವಾಡಿ ಮ್ಯಾಲ ಯಾರ ಹೆಸರೂ ಇಲ್ಲ.”

ಅಮೃತಪ್ಪ ಮನೆಯ ಕಡೆ ನಡೆದ. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದವು. ಆದರೆ ಅರ್ಧ ಓಣಿ ದಾಟುವಷ್ಟರಲ್ಲಿ ಒಳಗೊಂದು ತಂಪು ಸುಳಿಯಿತು. ತನ್ನ ಹೆಸರು ಉಳಿಯಲಿಲ್ಲ, ನಿಜ. ಲಕ್ಷ್ಮಿಕಾಂತನದೂ ಉಳಿಯಲಿಲ್ಲವಲ್ಲ. ಅವನು ಶಹಾಬಾದಿನಿಂದ ಕಲ್ಲು ಕೊರೆಯುವವನನ್ನು ಕರೆತಂದು, ಗೋಡೆಯ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುವುದನ್ನು ನೆನೆದು ಅಮೃತಪ್ಪನಿಗೆ ನಗು ಬಂತು. ಅಷ್ಟು ಸುಖಕ್ಕೆ ಒಂದು ಬಚ್ಚಲು ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸಾಯಿತು.

ಮನೆಯ ಹಿತ್ತಲಲ್ಲಿ ಜನ ನಿಂತಿದ್ದರು. ಜಗದೇವಿ ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಗುರುಲಿಂಗಮ್ಮ ತಲೆಯ ಮೇಲಿನ ಒಣ ಸಾಬೂನನ್ನು ಮಗಳಿಗೆ ತೋರಿಸಿ ಆಗಿತ್ತು. ಬಚ್ಚಲು ಇದ್ದ ಜಾಗದಲ್ಲಿ ಲಕ್ಷ್ಮಿಕಾಂತ ನಿಂತಿದ್ದ. ಅವನ ಪಕ್ಕದಲ್ಲಿ ಕೈಯಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು ಇದ್ದ ಒಬ್ಬ ಅಪರಿಚಿತ.

“ಇವನು ಮನಿ ಕಟ್ಟೋ ಗೌಂಡಿ ಮುಕ್ರಮ,” ಎಂದ ಲಕ್ಷ್ಮಿಕಾಂತ, ಸತ್ತವರ ಮನೆಗೆ ಬಂದವನ ದನಿಯಲ್ಲಿ. “ಶಹಾಬಾದಿನ್ಯಾಗ ಇವನಂಥ ಗೌಂಡಿ ಇಲ್ಲ. ನಿಮ್ಮ ಬಚ್ಚಲ ತೋರಸ್ಲಿಕ್ಕ ಕರಕೊಂಡು ಬಂದೆ.”

“ನಮ್ಮ ಬಚ್ಚಲ ಯಾಕ?”

ಲಕ್ಷ್ಮಿಕಾಂತ ಕೆಳಗೆ ನೋಡುತ್ತ ಹೇಳಿದ. “ಈಗ ಮುಚ್ಚಿಟ್ಟು ಏನು ಮಾಡೂದದ, ಅಮೃತಪ್ಪ. ಐದು ವರ್ಷ ಆತು, ಈ ಬಚ್ಚಲ ನೋಡಿ ನೋಡಿ ನನ್ನ ಹೊಟ್ಟಿ ಉರೀತಿತ್ತು. ಓಣಿಯಾಗ ಯಾರ ಮನ್ಯಾಗೂ ಇಂಥಾದ್ದಿಲ್ಲ. ನನ್ನ ಹೇಣ್ತಿ ಭಾಗ್ಯ ದಿನಾ ಅಂತಾಳ, ಅವರ ಮನಿ ನಳ ಏನು ಜೋರು, ಅವರು ಎಂಥಾ ಸುಖದವರು ಅಂತ. ಗುಡಿಗೆ ಫ್ಯಾನ್ ಕೊಟ್ಟೆ, ಬಸ್ ಸ್ಟ್ಯಾಂಡಿಗೆ ಬೆಂಚ ಕೊಟ್ಟೆ, ಅಕಿ ಬಾಯಿ ಮುಚ್ಚಲಿಲ್ಲ. ಕಡೀಕ ಅಪ್ಪ ಕಟ್ಟಿದ ಖೋಲಿ ಕೆಡವಿ ಜಾಗ ಮಾಡಿದೆ. ಆ ಮೇಡಂ ಬಂದು ಕಾಂಕ್ರೀಟ್ ಒಯ್ದ್ರು, ಜಾಗ ಖಾಲಿ ಆತು. ಇವತ್ತು ನಿಮ್ಮದು ಅಳತಿ ತಗೊಂಡು, ನಾಳಿಂದ ಥೇಟ್ ಹಂಗೇ ಕಟ್ಟಸೋದಿತ್ತು.”

ಅಮೃತಪ್ಪ ಖಾಲಿ ಜಾಗವನ್ನು ನೋಡಿದ. ಐದು ವರ್ಷದಿಂದ ಈ ಓಣಿಯಲ್ಲಿ ಒಬ್ಬ ಮನುಷ್ಯ ತನ್ನನ್ನು ಕಂಡು ಉರಿಯುತ್ತಿದ್ದ, ತನಗದು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಬೇಡಿದ್ದು ಮನೆಯ ಹಿತ್ತಲಲ್ಲೇ ಇತ್ತು. ಅದನ್ನು ಒಂದೂವರೆ ಟ್ರಾಲಿಗೆ ತುಂಬಿ ತಾನೇ ಸುರಿದು ಬಂದಿದ್ದ.

“ಅಳತಿ ನಂಗ ನೆನಪದ,” ಎಂದಳು ಗುರುಲಿಂಗಮ್ಮ. “ಇಲ್ಲಿಂದ ಅಲ್ಲೀತನ ಐದು ಫೂಟು. ಕಿಟಕಿ ಗಿಡ್ಡ ಮಾಡಬ್ಯಾಡ್ರಿ, ಗಾಳಿ ಬೇಕು.”

“ನಳ ಎಡಕ್ಕ ಇಡ್ರಿ,” ಎಂದಳು ಜಗದೇವಿ, ಗಂಡನ ಕಡೆ ನೋಡದೆ. “ಬಾಗಲಾ ಹೊರಗ ತೆರೀಬೇಕು. ಲಕ್ಷ್ಮಿಕಾಂತಣ್ಣ, ಎಷ್ಟ ದಿನದಾಗ ಆಗ್ತದ?”

“ಹದಿನೈದು ದಿವಸ ಅಕ್ಕಾ. ಆದ ಮ್ಯಾಲ ನೀವೆಲ್ಲಾ ಜಳಕಕ್ಕ ನಮ್ಮ ಮನಿಗೇ ಬರ್ರಿ. ನಿಮ್ಮದು ಮತ್ತ ಕಟ್ಟೋತನ ಬರ್ರಿ. ಆರು ತಿಂಗಳಾಗಲಿ, ವರ್ಷ ಆಗಲಿ.”

ಇನ್ನೂ ಕಟ್ಟಿರದ ಆ ಬಚ್ಚಲು ಅಮೃತಪ್ಪನ ಕಣ್ಣ ಮುಂದೆ ಎದ್ದು ನಿಂತಿತು. ಅದರ ನಳ ಜೋರಾಗಿ ಸುರಿಯುತ್ತಿತ್ತು, ಭಾಗ್ಯ ಅದನ್ನು ಓಣಿಗೆಲ್ಲ ತೋರಿಸುತ್ತಿದ್ದಳು. ಹೊಟ್ಟೆಯೊಳಗಿನ ಒಲೆ ಮತ್ತೆ ಹೊತ್ತಿತು.

ಮುಕ್ರಮ ಎಲ್ಲವನ್ನೂ ಬರೆದುಕೊಂಡು ಪೆನ್ಸಿಲ್ಲು ತಡೆದ. “ಮುಖ್ಯ ಒಂದು ಉಳೀತು. ಛತ್ತಿನ ಮ್ಯಾಲ ಟಾಕಿ ಕಟ್ಟಿ ಎಷ್ಟು ಎತ್ತರ ಇತ್ತು? ನಳದ ಜೋರೆಲ್ಲಾ ಅದರ ಮ್ಯಾಲೇ ನಿಂತದ.”

ಅತ್ತೆಗೆ ಗೊತ್ತಿರಲಿಲ್ಲ, ಜಗದೇವಿಗೂ ಗೊತ್ತಿರಲಿಲ್ಲ. ಎಲ್ಲರೂ ಅಮೃತಪ್ಪನ ಮುಖ ನೋಡಿದರು. ನಾಲ್ಕು ಫೂಟು ಎಂದು ಹೇಳಲು ಬಾಯಿ ತೆರೆದವನು ಲಕ್ಷ್ಮಿಕಾಂತನ ಆಸೆಗಣ್ಣುಗಳನ್ನು ಕಂಡ.

“ಒಂದು ಫೂಟು,” ಎಂದ ಅಮೃತಪ್ಪ. “ಬರೋಬ್ಬರಿ ಒಂದೇ ಫೂಟು.”

ಮುಕ್ರಮ ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದ. ವರ್ಷವಿಡೀ ಆ ನಳದ ಕೆಳಗೆ ತಲೆಗೆ ಸಾಬೂನು ಹಚ್ಚಿಕೊಂಡು ಹನಿ ಹನಿಗೆ ಕಾಯುತ್ತ ಕೂರಬೇಕಾದವನು ತಾನೇ ಎಂಬುದು ಅಮೃತಪ್ಪನಿಗೆ ಹೊಳೆದದ್ದು ಆಮೇಲೆ.